ನಾಲ್ಕನೇ ಜ್ವರ

ಶಿಡ್ಲಘಟ್ಟದಲ್ಲಿ ಕರೆಂಟು ಹೋಗುವುದಕ್ಕೆ
ಯಾರ ಅಪ್ಪಣೆಯೂ ಬೇಡ.
ಇನಾಯತ್ ಸಾಬರ ನೂಲು ಬಿಚ್ಚುವ ಶೆಡ್ಡಿನಲ್ಲಿ
ಕತ್ತಲಲ್ಲೂ ಬೇಸಿನ್ನುಗಳು ಹಬೆಯಾಡುತ್ತವೆ,
ಬೆಂದ ಹುಳದ ವಾಸನೆ ನನ್ನ ಜಡೆ ಹಿಡಿದು ಮನೆಯವರೆಗೂ ಬರುತ್ತದೆ.
ಮೂಲೆಯ ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪು,
ಅದರೊಳಗೆ ಆರು ವರ್ಷದ ಗೂಡಿನ ಲೆಕ್ಕ:
ಲಾಟಿನ ನಂಬರು, ತೂಕ, ದರ, ಯಾರಿಗೆಷ್ಟು ಬಾಕಿ.

ಬ್ಯಾಟರಿ ತೀರುವ ಮೊದಲು ಅದು ತಾನಾಗಿ ಮಲಗುತ್ತದೆ.
ಮುಚ್ಚಳ ಎತ್ತಿದೊಡನೆ ಕಣ್ಣು ಬಿಡುವ ಕೋಳಿನಿದ್ದೆಯಲ್ಲ,
ತಲೆಯಲ್ಲಿ ಇದ್ದಬದ್ದದ್ದನ್ನೆಲ್ಲ
ಡಿಸ್ಕಿನ ಒಂದು ಮೂಲೆಗೆ ಬರೆದಿಟ್ಟು
ಉಸಿರನ್ನೂ ನಿಲ್ಲಿಸುವ ನಿದ್ದೆ.
ಬೇಸಿಗೆಯಲ್ಲಿ ಕೆರೆಯಂಗಳದಡಿ ಕಪ್ಪೆ ಮಲಗುತ್ತದಲ್ಲ, ಹಾಗೆ.

ಅವತ್ತು ಬುಧವಾರ.
ಮುನ್ನೂರ ಹದಿನೇಳನೇ ಲಾಟಿನ ತೂಕ ಹೊಡೆದಿದ್ದೆ,
ದರದ ಕಾಲಂ ಖಾಲಿ. ಮಲಗಿಬಿಟ್ಟಿತು.
ನಾನು ಡಬ್ಬಿ ಎತ್ತಿಕೊಂಡು ಮಳ್ಳೂರಿನ ಬಸ್ಸು ಹಿಡಿದೆ.

ರಾತ್ರಿ ಸಾಬರ ತಮ್ಮನ ಮಗ ತೌಸೀಫ್
ಸ್ಕ್ರೂ ಬಿಚ್ಚಿ ಡಿಸ್ಕು ಹೊರತೆಗೆದು
ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ
ಅಕ್ಕನ ಮದುವೆಯ ಫೋಟೋ ತುಂಬಿಸಿದ.
ಜಾಗ ಸಾಲದೆ ಹಳೇ ಫೈಲು ಒಂದಿಷ್ಟು ಅಳಿಸಿದ,
ಯಾರಿಗೂ ಬೇಡದ್ದು.
ಬೆಳಗ್ಗೆ ಇದ್ದ ಹಾಗೇ ಜೋಡಿಸಿಟ್ಟ.
ಒಂದು ಸ್ಕ್ರೂ ಮಿಕ್ಕಿತ್ತು.

ಬಂದು ಬಟನ್ ಒತ್ತಿದೆ. ಎದ್ದಿತು.
ದರದ ಕಾಲಮ್ಮಿನಲ್ಲಿ ಕರ್ಸರು ಮಿಣಕುತ್ತ ಕಾಯುತ್ತಿತ್ತು.
ದರ ಬರೆದೆ, ಸೇವ್ ಮಾಡಿದೆ.
ಅದರ ತಲೆಯಲ್ಲಿದ್ದದ್ದು ನಿನ್ನೆಯ ನಕ್ಷೆ.
ನಿನ್ನೆ ಖಾಲಿಯಿದ್ದ ಜಾಗದಲ್ಲಿ
ಇವತ್ತು ಮದುಮಗಳು ಕೂತಿದ್ದಳು.
ಅವಳ ಮೆಹಂದಿ ಕೈಯ ಮೇಲೆ ನಾನು
ಕಿಲೋಗೆ ಇಷ್ಟೆಂದು ಬರೆದೆ.
ಮಧ್ಯಾಹ್ನದ ಹೊತ್ತಿಗೆ ಫೋಲ್ಡರುಗಳೇ ತೊದಲತೊಡಗಿದವು.

ಬಸ್ ಸ್ಟ್ಯಾಂಡಿನೆದುರು, ಮಾಳಿಗೆಯ ಮೇಲೆ ಮುಬೀನಾಳ ಅಂಗಡಿ.
ಕನ್ನಡಕ ತಲೆಗೇರಿಸಿ ಕೇಳಿದಳು:
"ಮಲಗಿದ್ದಾಗ ಮುಟ್ಟಿದ್ದು ಯಾರು?"
"ಆಫ್ ಆಗಿತ್ತಲ್ಲ ಆಂಟಿ," ತೌಸೀಫ್ ನೆಲ ನೋಡಿದ.
"ಆಫ್ ಆಗೋದು ಬೇರೆ, ಮಲಗೋದು ಬೇರೆ ಕಣೋ.
ಆಫ್ ಆಗಿದ್ದು ಎದ್ರೆ ಮೊದಲು ಮನೆಯೆಲ್ಲ ಕಣ್ಣಾಡಿಸುತ್ತೆ.
ಮಲಗಿದ್ದು ಎದ್ರೆ ಏನೂ ಕೇಳಲ್ಲ,
ಬಿಟ್ಟ ಕೆಲಸಕ್ಕೆ ನೇರ ಕೈ ಹಾಕುತ್ತೆ."

ನನಗೆ ಪಿಳ್ಳಜ್ಜಿ ನೆನಪಾದಳು.
ನಿದ್ದೆಯಲ್ಲಿದ್ದ ತಮ್ಮನಿಗೆ ಇದ್ದಿಲಲ್ಲಿ ಮೀಸೆ ಬರೆದೆನೆಂದು
ಸೌಟಿನಲ್ಲಿ ಬಾರಿಸಿದ್ದಳು:
"ಜೀವ ಎಲ್ಲೋ ತಿರುಗಾಡಕ್ಕೆ ಹೋಗಿರ್ತದೆ ಕಣೇ,
ವಾಪಸು ಬಂದಾಗ ಮುಖದ ಗುರುತು ಸಿಗದಿದ್ರೆ
ಬಾಗಿಲಲ್ಲೇ ನಿಂತುಬಿಡ್ತದೆ."
ಅಜ್ಜೀ, ಈ ಯಂತ್ರದ ಜೀವ ಬಾಗಿಲಲ್ಲಿ ನಿಲ್ಲಲಿಲ್ಲ.
ಮೀಸೆಯ ಕಡೆ ನೋಡದೆಯೇ ಒಳಗೆ ಬಂತು.

ಮೂರು ದಿನ ತಡಕಿ ಮುಬೀನಾ
ಒಂದು ರಾಶಿ ಚೂರು ಕೊಟ್ಟಳು.
ಹೆಸರಿಲ್ಲ, ಬರೀ ನಂಬರು,
ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ
ಯಾರ ಮನೆಯವೋ ಹೇಳಲಾರವು.
ಕೆಲವನ್ನು ತೂಕದಿಂದ ಗುರುತು ಹಿಡಿದೆ.
ಉಳಿದದ್ದಕ್ಕೆ ದಾರಿ ತೋರಿದ್ದು
ಗೋಡೆಯ ಕಂಬಿಗೆ ಚುಚ್ಚಿಟ್ಟ ಚೀಟಿಗಳು.
ಮೊದಲು ಚೀಟಿ, ಆಮೇಲೆ ಲೆಡ್ಜರು
ಎಂದು ಹಟ ಹಿಡಿದಿದ್ದ ಸಾಬರನ್ನು
ನಾನು ಎಷ್ಟು ನಕ್ಕಿದ್ದೆ!

ಆ ರಾತ್ರಿ ಮನೆಯಲ್ಲಿ ಹುಳಕ್ಕೆ ನಾಲ್ಕನೇ ಜ್ವರ.
ತಲೆಯೆತ್ತಿ ಕಲ್ಲಾಗಿ ನಿಂತಿದ್ದವು, ತಟ್ಟೆ ತುಂಬ,
ಹಳೇ ಚರ್ಮದೊಳಗೆ ಹೊಸದನ್ನು ಹೊಲಿಯುತ್ತ.
ಅವ್ವ ಸುಣ್ಣದ ಪುಡಿ ಉದುರಿಸಿ ಬಾಗಿಲೆಳೆದಳು.
ಎಂಟತ್ತು ಹುಳ ಆಗಲೇ ಎದ್ದು ಹೊರಳುತ್ತಿದ್ದವು.
"ಸೊಪ್ಪು ಹಾಕಲಾ?"
"ಎಲ್ಲಾ ಏಳಲಿ. ಈಗ ಹಾಕಿದ್ರೆ
ಅರ್ಧ ಹಿಂದೆ, ಅರ್ಧ ಮುಂದೆ. ಬೆಳೆ ಕೆಟ್ಟಂಗೇ."

ಈಗ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ:
ಜ್ವರ ಬಂದಿದೆ. ಸೊಪ್ಪು ಹಾಕಬೇಡಿ.
ತೌಸೀಫ್ ಓದಿದ. ಎರಡು ಸಲ ಓದಿದ.
ಜೇಬು ತಡಕಿ, ಮಿಕ್ಕಿದ್ದ ಆ ಸ್ಕ್ರೂವನ್ನು
ಸದ್ದಾಗದ ಹಾಗೆ ಮೇಜಿನ ಮೇಲಿಟ್ಟು ಹೋದ.